ಬಾಯಿ ತಪ್ಪಿ ಬಂದ ಓಮಿನ್

ಶುಕ್ರವಾರದ ನಮಾಜು ಮುಗಿದಿತ್ತು. ಮಸೀದಿಯ ಗುರು ಮೊಲ್ದೊ ಇಸ್ಮಾನಾಲಿ ಇನ್ನೇನು ಮೊಣಕಾಲು ನೀವಿಕೊಂಡು ಏಳಬೇಕು, ಅಷ್ಟರಲ್ಲಿ ಮುಂದಿನ ಸಾಲಿನಿಂದ ಶೇರ್ಗಾಜಿ ಎದ್ದು ನಿಂತ. ಮಸೀದಿಗೆ ಹೊಸ ರತ್ನಗಂಬಳಿ ಹಾಸಿಸಿದವನು ಅವನೇ. ಭಾನುವಾರದ ಚುನಾವಣೆಯಲ್ಲಿ ಸಂಸತ್ತಿಗೆ ನಿಂತವನೂ ಅವನೇ. ಗಂಬಳಿಗೂ ಸಂಸತ್ತಿಗೂ ಸಂಬಂಧವಿಲ್ಲವೆಂದು ಅವನು ಎಷ್ಟು ಸಲ ಹೇಳಿದ್ದನೆಂದರೆ, ಸಂಬಂಧ ಏನೆಂದು ಊರಿಗೆಲ್ಲ ಚೆನ್ನಾಗಿ ಅರ್ಥವಾಗಿತ್ತು.

ಶೇರ್ಗಾಜಿ ಎರಡೂ ಅಂಗೈ ಮೇಲೆತ್ತಿದ. ಎಲ್ಲರ ಅಂಗೈಗಳೂ ತಾವಾಗಿಯೇ ಮೇಲೆದ್ದವು.

"ಈ ಸಲ ಹುಲ್ಲು ಚೆನ್ನಾಗಿ ಬರ್ಲಿ. ಕುರಿ ಮರಿ ಹೆಚ್ಲಿ. ಮನೆಮನೇಲಿ ಹಾಲುಕ್ಕಲಿ. ನಮ್ಮೂರ ಮಗ ಶೇರ್ಗಾಜಿ ಸಂಸತ್ತು ಸೇರ್ಲಿ, ಅವನನ್ನ ಗೆಲ್ಸೋ ಕೈಗಳಿಗೆ ಬರಕತ್ತು ಸಿಗ್ಲಿ!"

"ಓಮಿನ್!" ಹಾಗೆಯೇ ಆಗಲಿ ಎಂದಿತು ಮಸೀದಿಗೆ ಮಸೀದಿಯೇ. ಎಲ್ಲರೂ ಎರಡೂ ಕೈಯಿಂದ ಮುಖ ಸವರಿಕೊಂಡರು. ಎಲ್ಲರಿಗಿಂತ ಮೊದಲು ಸವರಿಕೊಂಡವನು ಮೊಲ್ದೊ ಇಸ್ಮಾನಾಲಿ. ಕೈ ಗಡ್ಡದ ತುದಿಗೆ ಬಂದಾಗ ಅವನಿಗೆ ತಾನು ಯಾವುದಕ್ಕೆ ಓಮಿನ್ ಅಂದೆನೆಂದು ಹೊಳೆಯಿತು. ಶೇರ್ಗಾಜಿ ಅಷ್ಟರಲ್ಲಿ ಬೂಟು ಹುಡುಕುತ್ತಿದ್ದ.

ಈ ಊರ ಜನರ ಕಥೆಯೇ ಹೀಗೆ. ಯಾರಾದರೂ ಅಂಗೈ ಎತ್ತಿ ಹಾರೈಸಿದರೆ ಇವರ ಕೈ ಏಳುತ್ತದೆ. ಕಿವಿ ಆಮೇಲೆ ಏಳುತ್ತದೆ. ಒಮ್ಮೆ ಓಮಿನ್ ಎಂದು ಮುಖ ಸವರಿದರೆ ಮುಗಿಯಿತು, ಕೊಟ್ಟ ಮಾತು ಅದು. ಅದಕ್ಕೆ ತಪ್ಪಿ ನಡೆದವನಿಗೆ ಸಂತೆಯಲ್ಲಿ ಕುದುರೆ ಮಾರಲು ಕೂಡ ಧೈರ್ಯ ಬರುವುದಿಲ್ಲ.

ಮಸೀದಿ ಬಾಗಿಲಲ್ಲೇ ಜುಮಾಕಾದಿರ್ ಮೊಲ್ದೊನ ತೋಳು ಹಿಡಿದ. ಕುದುರೆ ಕಾಯುವ ಮುದುಕ, ಜೀವಮಾನದಲ್ಲಿ ಯಾರಿಗೂ ಸುಳ್ಳು ಹೇಳಿದವನಲ್ಲ.

"ಮೊಲ್ದೊಕೆ, ಹೋದ ಚಳಿಗಾಲ ನನ್ನ ಹೆಣ್ಗುದುರೆ ಮರಿ ಹಾಕಕ್ಕಾಗ್ದೆ ಒದ್ದಾಡ್ತಿದ್ದಾಗ ಆ ಪಶುವೈದ್ಯೆ ಹೆಂಗಸು ಹಿಮದಲ್ಲಿ ನಡ್ಕೊಂಡು ಬಂದ್ಲು. ಈಗ ಅವಳೂ ಚುನಾವಣೆಗೆ ನಿಂತಿದಾಳೆ. ಅವಳಿಗೇ ಹಾಕ್ಬೇಕು ಅಂತಿದ್ದೆ. ಈಗ ಮುಖ ಸವರ್ಕೊಂಡ್ಬಿಟ್ನಲ್ಲ, ಏನ್ಮಾಡ್ಲಿ?"

ಮೊಲ್ದೊನಿಗೆ ನಾಚಿಕೆಯಾಯಿತು. ತನ್ನ ಮಸೀದಿಯಲ್ಲಿ, ತನ್ನ ಕಣ್ಣೆದುರಿಗೇ, ಒಬ್ಬ ಮುದುಕನ ಮತವನ್ನು ಕುರಿಯ ಕಾಲು ಕಟ್ಟಿದಂತೆ ಕಟ್ಟಿಹಾಕಿದ್ದರು. ಗಂಟು ಬಿಗಿಯಲು ತಾನೂ ಕೈ ಕೊಟ್ಟಿದ್ದ.

ಮನೆಯಲ್ಲಿ ಇನ್ನೊಂದು ಸರ್ಕಾರ ಕಾಯುತ್ತಿತ್ತು. ಹೆಂಡತಿ ಬುರುಲ್ಸುನ್ ಶಾಲೆಯ ಟೀಚರ್, ಜೊತೆಗೆ ಊರ ಮತಗಟ್ಟೆಯ ಅಧ್ಯಕ್ಷೆ. ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು.

"ಬನ್ನಿ, ಸಂಸತ್ ಸದಸ್ಯರ ಗುರುಗಳೇ!" ಅಂದಳು. "ಮಸೀದಿಲಿ ಪ್ರಚಾರ ಮಾಡ್ಬಾರ್ದು ಅಂತ ಕಾನೂನಿದೆ, ಗೊತ್ತಲ್ಲ?"

"ಪ್ರಚಾರ ಮಾಡ್ಲಿಲ್ಲ ಕಣೆ. ಮುಖ ಸವರ್ಕೊಂಡೆ ಅಷ್ಟೆ."

"ಜಿಲ್ಲೆಗೆ ಯಾರಾದ್ರೂ ದೂರು ಕೊಟ್ರೆ ಮಸೀದಿಯಿಂದ ನಿಮ್ಮನ್ನ ಓಡಿಸ್ತಾರೆ. ಆಮೇಲೆ ಮನೇಲಿ ಕೂತು ನಂಗೇ ಉಪದೇಶ ಮಾಡ್ತೀರಿ. ಅದನ್ನ ಮಾತ್ರ ನಾನು ತಡ್ಕೊಳಲ್ಲ."

"ನನ್ನ ಕೆಲಸ ಹೋದ್ರೆ ಹೋಗ್ಲಿ, ಜುಮಾಕಾದಿರ್ ಕಥೆ ಏನು? ಊರೋರ ಕಥೆ ಏನು? ಮನೆಮನೆಗೂ ಹೋಗಿ ಆ ಓಮಿನ್ ಲೆಕ್ಕಕ್ಕಿಲ್ಲ ಅಂದ್ಬಿಡ್ಲಾ?"

"ಹಂಗಂದ್ರೆ ಶೇರ್ಗಾಜಿ ವಿರುದ್ಧ ಮೊಲ್ದೊನೇ ಪ್ರಚಾರಕ್ಕಿಳಿದ ಹಾಗಾಯ್ತು. ಅದೂ ತಪ್ಪೇ."

"ಮತ್ತೆ ನೀನೇ ಹೇಳು."

"ನಾನು ಅಧ್ಯಕ್ಷೆ. ಅಭ್ಯರ್ಥಿ ಹೆಸರೆತ್ತೋ ಹಾಗೇ ಇಲ್ಲ."

ಒಲೆಯ ಪಕ್ಕದಲ್ಲಿ ಕೂತಿದ್ದ ಇಸ್ಮಾನಾಲಿಯ ತಾಯಿ ಸೈನೆಪ್ ಅಪಾಗೆ ಕಿವಿ ಕೇಳಿಸುವುದಿಲ್ಲ ಎಂಬುದು ಇಡೀ ಬೀದಿಯ ನಂಬಿಕೆ. ಆ ನಂಬಿಕೆಯಿಂದ ಮುದುಕಿಗೆ ಬಹಳ ಅನುಕೂಲವಾಗಿತ್ತು.

"ಒಬ್ಬರ ಬಾಯನ್ನ ಮಸೀದಿ ಕಟ್ಟಿಹಾಕಿದೆ, ಇನ್ನೊಬ್ಬರ ಬಾಯನ್ನ ಸರ್ಕಾರ ಕಟ್ಟಿಹಾಕಿದೆ," ಅಂದಳು ಅಪಾ. "ಕಟ್ಲಿ ಬಿಡಿ, ಹಾಗೇ ಇರ್ಬೇಕು. ನಾನು ಸೊಸೆಯಾಗಿ ಬಂದಾಗ ಸರ್ಕಾರ ಮಸೀದಿಗೆ ನುಗ್ಗಿ ಉಣ್ಣೆ ಮೂಟೆ ತುಂಬಿತ್ತು. ನಿಮ್ಮಪ್ಪ ದನದ ಕೊಟ್ಟಿಗೇಲಿ ನಮಾಜು ಮಾಡ್ತಿದ್ದ, ಬಾಗಿಲಲ್ಲಿ ನಾನು ಕಾವಲು. ಈಗ ಮಸೀದಿ ಹೋಗಿ ಮತಪೆಟ್ಟಿಗೆಗೆ ನುಗ್ಗೋದು ಬೇಡ. ನಂಗೆ ಯಾವ ಹುದ್ದೇನೂ ಇಲ್ಲ. ನಾಳೆ ಹಿಟ್ಟು ಕಲಸು, ಬುರುಲ್ಸುನ್."

"ಏನ್ಮಾಡ್ತೀಯ ಅಪಾ?" ಎಂದ ಮಗ.

ಅಪಾಗೆ ಮತ್ತೆ ಕಿವಿ ಕೇಳಿಸದೆ ಹೋಯಿತು.

ಶನಿವಾರ ಅಂಗಳದಲ್ಲಿ ದೊಡ್ಡ ಕಡಾಯಿ ಇಟ್ಟು ಬೋರ್ಸೊಕ್ ಕರಿದರು. ಸತ್ತ ಹಿರಿಯರಿಗೆ ಎಣ್ಣೆಯ ಘಮ ಮುಟ್ಟಲಿ ಎಂದು ಕರಿಯುವ ಹಿಟ್ಟಿನ ಉಂಡೆ ಅದು. ಘಮ ಹಿರಿಯರಿಗೆ ಮುಟ್ಟುವ ಮೊದಲು ಬೀದಿಗೆ ಮುಟ್ಟುತ್ತದೆ, ಕರೆಯದೆಯೂ ಜನ ಬರುತ್ತಾರೆ. ಜುಮಾಕಾದಿರ್ ಬಂದ. ನಿನ್ನೆ ಓಮಿನ್ ಅಂದವರಲ್ಲಿ ಮುಕ್ಕಾಲು ಮಂದಿ ಬಂದರು. ಶೇರ್ಗಾಜಿಯ ಕಾರೂ ಬಂದು ನಿಂತಿತು. ಮತದಾನದ ಹಿಂದಿನ ದಿನ ಪ್ರಚಾರ ಮಾಡುವಂತಿಲ್ಲ. ಆದರೆ ಎಣ್ಣೆ ಕಾಯುತ್ತಿರುವ ಮನೆಯನ್ನು ದಾಟಿಕೊಂಡು ಹೋಗುವುದು ಅದಕ್ಕಿಂತ ದೊಡ್ಡ ತಪ್ಪು.

"ಪ್ರಚಾರಕ್ಕಲ್ಲ, ಎಜೆ," ಎಂದ ಶೇರ್ಗಾಜಿ, ಅಕ್ಕನಿಗೆ ಹೇಳುವಂತೆ ಬುರುಲ್ಸುನ್‌ಗೆ. "ಅಪಾ ಮುಖ ನೋಡ್ಕೊಂಡು ಹೋಗೋಣ ಅಂತ."

"ನೋಡು ನೋಡು, ಮುಖಕ್ಕೇನು ಬರ," ಎಂದಳು ಬುರುಲ್ಸುನ್.

ಅಪಾ ಅವನನ್ನು ಬಾಗಿಲಿಗೆ ಎದುರಿನ ಗೌರವದ ಜಾಗದಲ್ಲೇ ಕೂರಿಸಿದಳು. ಕೆನೆ ಬಡಿಸಿದಳು, ಜೇನು ಬಡಿಸಿದಳು. ಚಹಾ ಮುಗಿಯುತ್ತಿದ್ದಂತೆ, ಹಿರಿಯಳಾಗಿ ಊಟದ ಕೊನೆಯ ಹಾರೈಕೆ ಹೇಳಲು ಅಂಗೈ ಎತ್ತಿದಳು. ಶೇರ್ಗಾಜಿಯ ಕೈಯೂ ಸೇರಿ ಎಲ್ಲರ ಕೈ ಮೇಲೆದ್ದವು.

"ಸತ್ತೋರು ತಣ್ಣಗಿರ್ಲಿ. ಇದ್ದೋರ ಒಲೆ ಆರದೆ ಇರ್ಲಿ. ನಮ್ಮ ಶೇರ್ಗಾಜಿಗೆ ಆಯಸ್ಸು, ಆರೋಗ್ಯ, ಮೂರು ಹೊತ್ತು ಹಸಿವು ಇರ್ಲಿ." ಶೇರ್ಗಾಜಿ ಹಿಗ್ಗಿ ತಲೆಯಾಡಿಸಿದ. "ಬಾಯಿ ತಪ್ಪಿ ಆಡಿದ ಮಾತೆಲ್ಲ ಗಾಳಿಗೆ ಹೋಗ್ಲಿ. ನಾಳೆ ಅವರವರ ಕೈ ಅವರವರ ಮನಸ್ಸಿನ ಮಾತೇ ಕೇಳ್ಲಿ!"

"ಓಮಿನ್!" ಎಂದಿತು ಮನೆ. ಎಲ್ಲರಿಗಿಂತ ಜೋರಾಗಿ ಅಂದವನು ಶೇರ್ಗಾಜಿ. ಅವನ ಎರಡೂ ಕೈ ಹಣೆಯಿಂದ ಗಲ್ಲದವರೆಗೆ ನೀಟಾಗಿ ಇಳಿದು ಬಂದವು. ಇಳಿದ ಮೇಲೆ ಮುಖದ ಬಣ್ಣವೂ ಇಳಿಯಿತು.

"ಅಪಾ, ನೀವು..." ಎಂದ.

"ಏನಪ್ಪಾ? ಕೇಳಿಸ್ತಿಲ್ಲ. ಇನ್ನೊಂದು ಬೋರ್ಸೊಕ್ ತಗೋ."

ಮೊದಲು ನಕ್ಕವನು ಜುಮಾಕಾದಿರ್. ಆಮೇಲೆ ಇಡೀ ಮನೆ ಬಿದ್ದು ಬಿದ್ದು ನಕ್ಕಿತು. ಕೊನೆಗೆ ಶೇರ್ಗಾಜಿಯೂ ನಕ್ಕ. ಒಳ್ಳೆಯ ಎಣ್ಣೆಯಲ್ಲಿ ಕರಿದದ್ದನ್ನು ತಿನ್ನುತ್ತ ಬಹಳ ಹೊತ್ತು ಮುನಿಸಿಕೊಂಡಿರಲು ಅವನಿಗೂ ಆಗಲಿಲ್ಲ.

ಭಾನುವಾರ ಶಾಲೆಯಲ್ಲಿ ಮೊಲ್ದೊ ಎಲ್ಲರಂತೆ ಸಾಲಿನಲ್ಲಿ ನಿಂತ. ಮೇಜಿನ ಹಿಂದೆ ಕೂತಿದ್ದ ಬುರುಲ್ಸುನ್ ಅವನನ್ನು ಇದೇ ಮೊದಲ ಸಲ ನೋಡಿದವಳಂತೆ ಗುರುತಿನ ಚೀಟಿ ಕೇಳಿದಳು. ಅವನು ಕೊಟ್ಟ. ಅವನಿಗಿಂತ ಮುಂದಿದ್ದ ಜುಮಾಕಾದಿರ್ ಪರದೆಯ ಹಿಂದೆ ಹೋಗಿ ಬಹಳ ಹೊತ್ತು ಇದ್ದ. ಹೊರಗೆ ಬಂದಾಗ ಮುದುಕನ ಮುಖ ಸ್ನಾನ ಮಾಡಿ ಬಂದವನಂತಿತ್ತು.

"ಯಾಕೆ ಅಷ್ಟು ಹೊತ್ತಾಯ್ತು?" ಎಂದ ಮೊಲ್ದೊ ಮೆಲ್ಲಗೆ.

"ಚೀಟಿ ಆಗ್ಲೇ ಮಡಚಾಗಿತ್ತು, ಮೊಲ್ದೊಕೆ. ಸುಮ್ನೆ ನಿಂತಿದ್ದೆ. ಒಳಗೆ ನಾನೊಬ್ನೇ ಇದ್ದೆ ನೋಡಿ, ಬಹಳ ಚೆನ್ನಾಗಿತ್ತು."

ಮೊಲ್ದೊನ ಸರದಿ ಬಂತು. ಅವನು ಟೊಪ್ಪಿ ಸರಿಮಾಡಿಕೊಂಡು ಪರದೆಯ ಹಿಂದೆ ಹೋದ, ಮುದುಕನಷ್ಟೇ ಹೊತ್ತು ಒಳಗಿದ್ದ.