ಕ್ಷಾರದ ಕೋಣೆಯ ಬೀಗದಕೈ

ಆ ಬೆಳಗ್ಗೆ ಗಾಳಿ ಸತ್ತುಹೋಗಿತ್ತು. ಮಂಜು ನೆಲಕ್ಕೆ ಅಂಟಿಕೊಂಡಿತ್ತು. ರಾಸಾಯನಿಕ ಕಾರ್ಖಾನೆಯ ಚಿಮಣಿಯಿಂದ ಹೊರಟದ್ದು ಮೇಲೇರಲಾರದೆ ಕಾರ್ಮಿಕರ ಮನೆಗಳ ಮಾಡಿನ ಮೇಲೆಯೇ ಕವುಚಿ ಮಲಗಿತ್ತು. ದೇವರು ಉಸಿರನ್ನು ಯಾರ ಮುಖವನ್ನೂ ನೋಡದೆ ಕೊಟ್ಟ. ಅದಕ್ಕೆ ಮಣ್ಣು ಹಾಕುವ ಕೆಲಸವನ್ನು ಮನುಷ್ಯ ತಾನೇ ವಹಿಸಿಕೊಂಡ.

ಹೊಗೆ ತೊಳೆಯುವ ಗೋಪುರ ನೋಡಿಕೊಳ್ಳುವವಳು ಜ್ವರದ ರಜೆ ಮುಗಿಸಿ ವಾರದ ಮೇಲೆ ಕೆಲಸಕ್ಕೆ ಬಂದಿದ್ದಳು. ಗೋಪುರದ ಬುಡದ ನಲ್ಲಿ ತಿರುಗಿಸಿ ಗಾಜಿನ ಲೋಟಕ್ಕೆ ನೀರು ಹಿಡಿದಳು. ಆಮ್ಲದ ಹೊಗೆ ಚಿಮಣಿಗೆ ಹೋಗುವ ಮುನ್ನ ಇಲ್ಲಿ ಕ್ಷಾರದ ನೀರಿನಲ್ಲಿ ಮೀಯಬೇಕು. ಕ್ಷಾರಕ್ಕೆ ಕಸುವಿದ್ದರೆ ಎರಡು ಹನಿ ಪರೀಕ್ಷೆಯ ದ್ರಾವಣಕ್ಕೇ ಲೋಟದ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಎರಡು ಹನಿ ಬಿಟ್ಟಳು, ನಾಲ್ಕು ಬಿಟ್ಟಳು. ನೀರು ನೀರಾಗಿಯೇ ಉಳಿಯಿತು.

ಕ್ಷಾರದ ಕೋಣೆಯ ಬೀಗದಕೈ ಅವಳ ಬಳಿ ಇರಬೇಕಾದದ್ದು. ತಿಂಗಳ ಹಿಂದೆ ಮೇಲ್ವಿಚಾರಕ ಅದನ್ನು ಕಿತ್ತುಕೊಂಡಿದ್ದ: "ದುಬಾರಿ ಸರಕು, ನೀರಿನ ಹಾಗೆ ಸುರೀತಾಳೆ." ಆತ ಬೇರಾರೂ ಅಲ್ಲ, ಗಂಡನ ಅಣ್ಣ. ಒಂದೇ ಮನೆ, ಎರಡು ಒಲೆ, ನಡುವೆ ಗೋಡೆ. ಗೋಡೆಗಿಂತ ಇವರಿಬ್ಬರ ಮೌನವೇ ದಪ್ಪ. ಲೋಟ ಹಿಡಿದುಕೊಂಡೇ ಆತನ ಮೇಜಿನೆದುರು ಹೋಗಿ ನಿಂತಳು.

"ಭಾವ, ಬೀಗದಕೈ ಕೊಡಿ. ಕ್ಷಾರ ಸತ್ತಿದೆ."

"ಬೆಳಗಾಗೆದ್ದು ಸಾವಿನ ಸುದ್ದಿನೇ ತರ್ತೀಯಲ್ಲ! ಸುಮ್ನೆ ಸಹಿ ಹಾಕು. ಹತ್ತು ಗಂಟೆಗೆ ಹೊಸ ಬ್ಯಾಚು."

"ಹಾಕಲ್ಲ."

ಗೋಪುರದವಳು ರಜೆಯಲ್ಲಿದ್ದರೆ ಮಾತ್ರ ಮೇಲ್ವಿಚಾರಕನ ಸಹಿ ನಡೆಯುತ್ತಿತ್ತು; ಕೆಲಸಕ್ಕೆ ಬಂದ ದಿನ ಅವಳ ಸಹಿ ಬೀಳದೆ ಬ್ಯಾಚು ಶುರುಮಾಡುವಂತಿರಲಿಲ್ಲ.

"ಹಾಗಾದ್ರೆ ನಾಳೆಯಿಂದ ಗೇಟಿನಾಚೆ ನಿಂತು ಮೂಗು ಮುಚ್ಕೊ. ನಿನ್ನ ಗಂಡನ ಹತ್ರಾನೂ ಮಾತಾಡ್ತೀನಿ. ಊರ ಉಸಾಬರಿ ಹೊತ್ತ ಮಹಾತಾಯಿ!"

"ಮಾತಾಡಿ. ಅವ್ರೂ ಅದೇ ಮಾಡಿನ ಕೆಳಗೆ ಕೆಮ್ತಾ ಕೂತಿದಾರೆ."

ಆತ ದಾಖಲೆ ಪುಸ್ತಕವನ್ನು ಮೇಜಿಗೆ ಅಪ್ಪಳಿಸಿದ. "ನೋಡು, ನೀನಿಲ್ಲದ ವಾರವಿಡೀ ಗುಲಾಬಿ. ನಾನೇ ಪರೀಕ್ಷೆ ಮಾಡಿ ಬರ್ದಿದೀನಿ. ಕಾಮಾಲೆ ಕಣ್ಣಿಗೆ ಗುಲಾಬಿ ಎಲ್ಲಿ ಕಾಣ್ಬೇಕು!"

ಅವಳ ಬೆರಳು ಸಾಲುಗಳ ಮೇಲೆ ನಿಧಾನವಾಗಿ ಇಳಿದು ಒಂದು ಕಡೆ ನಿಂತಿತು.

"ಬುಧವಾರಾನೂ ಮೂರು ಸಲ ಗುಲಾಬಿ?"

"ಹೂಂ, ಏನೀಗ?"

"ಬುಧವಾರ ಪಂಪು ಕೆಟ್ಟು ಕಾರ್ಖಾನೆಯೇ ನಿಂತಿತ್ತು ಭಾವ. ಗೋಪುರದಲ್ಲಿ ತೊಟ್ಟು ನೀರಿರಲಿಲ್ಲ. ನೀವು ಮನೇಲಿ ಮಲಗಿದ್ರಿ. ಗೊರಕೆ ಗೋಡೆ ದಾಟಿ ಬರ್ತಿತ್ತು."

ವಾರದ್ದನ್ನೆಲ್ಲ ಒಂದೇ ಸಲ ಕೂತು ಬರೆದವನಿಗೆ, ನಿಂತ ದಿನವನ್ನು ಬಿಟ್ಟು ಬರೆಯಬೇಕೆಂಬುದು ಹೊಳೆದಿರಲಿಲ್ಲ. ಪುಟ ಹರಿಯಲು ಕೈ ಹಾಕಿದ.

"ಹರೀಬೇಡಿ, ಪುಟಕ್ಕೆ ನಂಬರಿದೆ," ಅವಳು ಅಂಗೈಯಿಂದ ಒತ್ತಿಹಿಡಿದಳು. "ಇವತ್ತಿನ ಸಾಲಿಗೂ ನೀವೇ ಗುಲಾಬಿ ಅಂತ ಬರ್ದು, ನನ್ನ ಜಾಗದಲ್ಲಿ ನಿಮ್ಮ ಸಹಿ ಹಾಕಿ. ಈ ಲೋಟ ಎದುರಿಗಿಟ್ಕೊಂಡೇ ಹಾಕಿ."

ಆತ ಪೆನ್ನು ತೆಗೆದ. ಮೊನೆ ಕಾಗದಕ್ಕೆ ತಾಗಿ ಒಂದು ಚುಕ್ಕೆ ಮೂಡಿತು. ಅಲ್ಲಿಂದ ಮುಂದಕ್ಕೆ ಕೈ ಹೋಗಲಿಲ್ಲ.

"ಮನೆಮುರುಕಿ," ಎಂದ ಹಲ್ಲು ಕಚ್ಚಿ.

ಅವಳು ಕೈ ಚಾಚಿ ನಿಂತೇ ಇದ್ದಳು. ಆತ ಅವಳ ಮುಖ ನೋಡಲಿಲ್ಲ. ಪ್ಯಾಂಟಿನ ಜೇಬಿನಿಂದ ಬೀಗದಕೈ ತೆಗೆದು, ಸದ್ದಿಲ್ಲದೆ ಅವಳ ಅಂಗೈಯಲ್ಲಿಟ್ಟ.