ಕಾಗದದ ಮೇಲಿಲ್ಲದ ಕಾಲು

ಮಗಳು ಕರುಣಾಳ ಬಲಗಾಲು ಊನ ಎಂದು ಯಾವ ಸರ್ಕಾರಿ ಕಾಗದದಲ್ಲೂ ಬರೆಸುವುದಿಲ್ಲವೆಂದು ಸಿದ್ಧಲಿಂಗೇಶ್ ಹನ್ನೆರಡು ವರ್ಷದ ಹಿಂದೆ ಸೊರಬದ ಅಕ್ಕ ಶಶಿರೇಖಾಗೆ ಮಾತು ಕೊಟ್ಟಿದ್ದ. ಹಾಗಿದ್ದರೆ ಮಾತ್ರ ಅವಳನ್ನು ತನ್ನ ಮಗ ಮಾಲತೇಶನಿಗೆ ತಂದುಕೊಳ್ಳುವುದಾಗಿ ಅಕ್ಕ ಹೇಳಿದ್ದಳು. ಹುಟ್ಟಿನಿಂದಲೇ ಗಿಡ್ಡವಾಗಿದ್ದ ಆ ಕಾಲಿನ ಮಾತನ್ನು ಅವತ್ತಿನಿಂದ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಶಿಕಾರಿಪುರದಲ್ಲಿದ್ದ ಅಪ್ಪನ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣ ಎತ್ತಿ ಎತ್ತಿ ಕರುಣಾಳ ತೋಳುಗಳು ಗಟ್ಟಿಯಾಗಿದ್ದವು. ಹದಿನೇಳರ ಹುಡುಗಿ ಬೆಂಗಳೂರಿನಲ್ಲಿ ನಡೆದ ಭಾರ ಎತ್ತುವ ಆಯ್ಕೆ ಸ್ಪರ್ಧೆಯಲ್ಲಿ ಬೆಂಚಿನ ಮೇಲೆ ಮಲಗಿ ಎಂಬತ್ತು ಕೆ.ಜಿ. ಎತ್ತಿದಳು. ಅಂಗವಿಕಲ ಕ್ರೀಡಾಪಟುಗಳ ರಾಷ್ಟ್ರೀಯ ಸಂಸ್ಥೆ ಅವಳನ್ನು ಶಿಬಿರಕ್ಕೆ ಆರಿಸಿತು.

ಕಾಗದ ಕೊಡಬೇಕಾದ ಕೊನೆಯ ದಿನ ಬೆಳಿಗ್ಗೆ ಸಂಸ್ಥೆಯ ಕೋಚ್ ರೇಣುಕಾಪ್ರಸಾದ್ ಸಿದ್ಧಲಿಂಗೇಶನ ಮೇಲೆ ಫೋನಿನಲ್ಲಿ ಸಿಡುಕಿದರು. "ಹದಿನೈದು ದಿನದಿಂದ ಹೇಳ್ತಿದೀನಿ ರೀ. ತರಬೇತಿ, ಫಿಜಿಯೋ, ಊಟ, ಹೊರದೇಶದ ಸ್ಪರ್ಧೆ, ಜೊತೆಗೆ ಬರೋರ ಖರ್ಚು ಕೂಡ ಸಂಸ್ಥೆಯೇ ನೋಡ್ಕೊಳ್ಳುತ್ತೆ. ಅಂಗವೈಕಲ್ಯದ ಸರ್ಟಿಫಿಕೇಟ್ ಇಲ್ದೆ ಮಾತ್ರ ಫೈಲ್ ಅಲ್ಲಾಡಲ್ಲ. ಸಂಜೆ ಐದರೊಳಗೆ ಅರ್ಜಿ ಹಾಕಿದ ರಸೀದಿಯಾದ್ರೂ ಕಳಿಸಿ. ಇಲ್ಲಾಂದ್ರೆ ಆ ಜಾಗ ಬೇರೆಯವರಿಗೆ."

ಮಗಳನ್ನು ಆಸ್ಪತ್ರೆಗೆ ಕಳಿಸಿ ಸಿದ್ಧಲಿಂಗೇಶ್ ಸೊರಬದ ಬಸ್ಸು ಹತ್ತಿದ.

"ಅಕ್ಕಾ, ಒಂದೇ ಒಂದು ಕಾಗದ. ಹ್ಞೂಂ ಅಂದುಬಿಡು."

ಅಕ್ಕಿ ಆರಿಸುತ್ತಿದ್ದ ಶಶಿರೇಖಾ ಮೊರ ಕೆಳಗಿಟ್ಟಳು. "ಕಾಗದ ಅಂದ್ರೆ ಸುಮ್ನೆ ಆಯ್ತನಾ? ನಾಳೆ ಪೇಪರಲ್ಲಿ ಫೋಟೊ ಬರ್ತದೆ. ಶಶಿರೇಖಾನ ಸೊಸೆ ಕುಂಟಿಯಂತೆ ಅಂತ ಊರೆಲ್ಲ ಆಡ್ಕಂತದೆ. ಕಬ್ಬಿಣ ಎತ್ತದು ಎಷ್ಟು ವರ್ಷನಾ? ಆಮೇಲೆ ಅವಳನ್ನ ನೋಡ್ಕಳರು ಯಾರು? ಮನೆ ತುಂಬಿಸ್ಕಂತೀನಿ ಅಂದಿದ್ದು ನಾನು, ನಿನ್ನ ಸಂಸ್ಥೆ ಅಲ್ಲ."

ಎಷ್ಟೋ ರಾತ್ರಿ ಅವನನ್ನು ನಿದ್ದೆಗೆಡಿಸಿದ್ದ ಪ್ರಶ್ನೆಯೇ ಅದು.

"ನಿನ್ ಕಾಲು ಹಿಡೀತೀನಿ ಅಕ್ಕಾ."

"ನನ್ ಕಾಲು ಹಿಡಿದ್ರೆ ಅವಳ ಕಾಲು ಉದ್ದ ಆಗ್ತದನಾ? ಎದ್ದೇಳು ಮಾರಾಯ."

ಅವನು ಶಿಕಾರಿಪುರದ ಆಸ್ಪತ್ರೆ ಮುಟ್ಟಿದಾಗ ನಾಲ್ಕು ದಾಟಿತ್ತು. ಕರುಣಾಗೆ ಹದಿನೆಂಟು ತುಂಬದ ಕಾರಣ ಅರ್ಜಿಗೆ ಅಪ್ಪನ ಸಹಿಯೇ ಬೇಕಿತ್ತು. ಡಾಕ್ಟರ ಕೋಣೆಯೊಳಗಿಂದ ಅವಳ ಹೆಸರು ಕೂಗಿದರು. ಅವಳು ಏಳಲಿಲ್ಲ. ಮತ್ತೆ ಕೂಗಿದರು.

"ಯಾಕವ್ವಾ?"

"ಎದುರಿಗೆ ನಮ್ಮ ಬೀದಿ ಲೋಕಮ್ಮಾರು ಕೂತಿದಾರೆ ಅಪ್ಪಾಜಿ. ಅವರು ಹೋಗ್ಲಿ."

ಪರಿಚಯದವರ ಎದುರಿಗೆ ಎದ್ದು ನಡೆಯಬಾರದು ಎಂದು ಐದು ವರ್ಷದ ಮಗುವಿಗೆ ಕಲಿಸಿದವನು ಅವನೇ. ಎಂಬತ್ತು ಕೆ.ಜಿ. ಎತ್ತುವ ಮಗಳು ಈಗ ಸೀರೆಯುಟ್ಟ ಒಬ್ಬ ಮುದುಕಿಗೆ ಹೆದರಿ ಬೆಂಚಿಗೆ ಅಂಟಿಕೊಂಡಿದ್ದಳು.

ಸಿದ್ಧಲಿಂಗೇಶ್ ಅವಳ ಕೈಯಿಂದ ಅರ್ಜಿ ತೆಗೆದುಕೊಂಡು ಸಹಿ ಹಾಕಿ, ಬಾಗಿಲಲ್ಲಿ ನಿಂತು ಲೋಕಮ್ಮನಿಗೂ ಕೇಳುವಂತೆ ಹೇಳಿದ: "ಡಾಕ್ಟ್ರೇ, ನನ್ ಮಗಳ ಬಲಗಾಲು ಗಿಡ್ಡ. ಹುಟ್ಟಿದಾಗಿಂದ. ಅಳತೆ ತಗೊಳ್ಳಿ."

ಕರುಣಾ ಎದ್ದಳು. ಕಾಲೆಳೆಯುತ್ತಾ, ಎಲ್ಲರ ಮುಂದೆ, ಒಳಗೆ ನಡೆದಳು.

ಐದಕ್ಕೆ ಹತ್ತು ನಿಮಿಷವಿರುವಾಗ ರಸೀದಿ ಕೋಚ್‌ಗೆ ಹೋಯಿತು. ಅಕ್ಕನಿಗೆ ಕೊಟ್ಟ ಮಾತನ್ನು ಸಿದ್ಧಲಿಂಗೇಶ್ ಉಳಿಸಿಕೊಳ್ಳಲಿಲ್ಲ.