ಮೊಲಕ್ಕೆ ಮೂರು ದಿನ ಲಂಘನ

ನುಗ್ಗೇಹಳ್ಳಿಯ ಈಶ್ವರಯ್ಯ ಪಂಡಿತರ ಕೈಗುಣವನ್ನು ಕೇಳಬೇಕೆ? ಅತ್ತ ಹಿರೀಸಾವೆಯಿಂದಲೂ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಜ್ವರವಿರಲಿ, ಭೇದಿಯಿರಲಿ, ತೆಂಗಿನ ಮರದಿಂದ ಬಿದ್ದು ಸೊಂಟವೇ ಹೋಗಿರಲಿ, ಪಂಡಿತರು ನಾಡಿ ಹಿಡಿದು, ಕಣ್ಣು ಮುಚ್ಚಿ, ಆಮೇಲೆ ಹೇಳುವುದು ಒಂದೇ ಮಾತು: ಮೂರು ದಿನ ಲಂಘನ. ಅಂದರೆ ಉಪವಾಸ. ಅನ್ನವಿಲ್ಲ, ಹಾಲಿಲ್ಲ; ನಾಲಗೆ ತೀರ ಒಣಗಿದರೆ ಶುಂಠಿ ಕಾಸಿದ ನೀರು ಎರಡು ತೊಟ್ಟು. ಹೊಟ್ಟೆ ಬರಿದಾದರೆ ರೋಗಕ್ಕೂ ತಿನ್ನಲು ಏನೂ ಸಿಗದೆ ಅದು ತಾನಾಗಿ ಎದ್ದು ಹೋಗುತ್ತದೆ ಎಂದು ಅವರು ನಂಬಿದ್ದರು. ಬಹಳ ಮಂದಿ ಬದುಕಿಕೊಂಡರು. ಬದುಕದವರು ಯಾರೂ ತಿರುಗಿ ಬಂದು ದೂರು ಹೇಳಲಿಲ್ಲ.

ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಅಂಥದೊಂದು ಬಸ್ಸಿನಲ್ಲಿ, ತೊಡೆಯ ಮೇಲೆ ಬಿದಿರ ಬುಟ್ಟಿ ಇಟ್ಟುಕೊಂಡು, ಅಳಿಯ ಚಂದ್ರಯ್ಯ ಮಂಗಳವಾರ ಮಧ್ಯಾಹ್ನ ಬಂದಿಳಿದ. ಅವನದು ಹಾಸನದಲ್ಲಿ ಕೊಬ್ಬರಿ ವ್ಯಾಪಾರ. ಹೆಂಡತಿ ಸರ್ವಮಂಗಳೆ ಬಾಣಂತಿಯಾಗಿದ್ದಾಗಲೇ ತೀರಿಕೊಂಡಿದ್ದಳು. ಏಳು ವರ್ಷದ ಮಗಳು ನೀಲಾಂಬಿಕೆ ಇಲ್ಲೇ ತಾತ, ಅಜ್ಜಿಯ ಹತ್ತಿರ ಬೆಳೆಯುತ್ತಿದ್ದಳು. ತಾಯಿಯಿಲ್ಲದ ಮಗುವಿಗೆ ಆಟಕ್ಕಿರಲಿ ಎಂದು ಹೋದ ವರ್ಷ ಒಂದು ಬಿಳಿ ಮೊಲ ತಂದುಕೊಟ್ಟವನೂ ಅವನೇ. ಮೊಲದ ಹೊಟ್ಟೆಯ ಕೆಳಗೆ ನಿಂಬೆಗಾತ್ರದ ಗಡ್ಡೆ ಎದ್ದಾಗ ಹಾಸನದ ದನದ ಡಾಕ್ಟರ ಹತ್ತಿರ ಒಯ್ದು ಕೊಯ್ಸಿಕೊಂಡು, ಈಗ ಬುಟ್ಟಿಯಲ್ಲಿ ಹೊತ್ತು ತಂದವನೂ ಅವನೇ.

"ಮಾವ, ಡಾಕ್ಟ್ರು ಒಂದೇ ಮಾತು ಹೇಳವ್ರೆ," ಎಂದ ಚಂದ್ರಯ್ಯ, ಬುಟ್ಟಿಯನ್ನು ಪಡಸಾಲೆಯಲ್ಲಿ ಇಳಿಸುತ್ತಾ. "ಇದು ಮನುಷ್ಯರಂಗಲ್ಲವಂತೆ. ಹೊಟ್ಟೆ ಖಾಲಿ ಬುಡಂಗೇ ಇಲ್ಲ. ಗರಿಕೆ, ಸೊಪ್ಪು ಬಾಯಿಗೆ ಹಿಡೀತಾನೇ ಇರ್ಬೇಕಂತೆ. ತಿನ್ನದಿದ್ರೆ ಅರೆದು ಬುಡ್ಬೇಕು. ನಾಳೆ ಸಂಜೆಯೊಳಗೆ ಹಿಕ್ಕೆ ಹಾಕಿದ್ರೆ ಗೆದ್ದಂಗೆ. ಇಲ್ದಿದ್ರೆ ಸತ್ತೋಯ್ತದಂತೆ."

"ಆಯ್ತು ಬುಡಪ್ಪ," ಎಂದರು ಪಂಡಿತರು.

ಅಳಿಯ ಅದೇ ಬಸ್ಸಿಗೆ ಹಿಂದಿರುಗಿದ್ದೇ ತಡ, ಹೊರಗಿಂದ ಒಂದು ಹಿಡಿ ಗರಿಕೆ ಕಿತ್ತುಕೊಂಡು ಓಡಿಬಂದ ಮೊಮ್ಮಗಳ ಕೈಯನ್ನು ಪಂಡಿತರು ಹಿಡಿದುಕೊಂಡರು. "ಬ್ಯಾಡ ಕಣವ್ವ. ಹೊಟ್ಟೆ ಕುಯ್ದವರಿಗೆ ಮೇವು ಹಾಕ್ತಾರಾ? ಆ ಡಾಕ್ಟ್ರಿಗೆ ಇನ್ನೂ ಮೀಸೆ ಬಂದಿರಾಕಿಲ್ಲ. ಮೂರು ದಿನ ಲಂಘನ ಇರ್ಲಿ. ಆಮ್ಯಾಕೆ ನೋಡು, ಎಂಗೆ ಕುಣೀತದೆ."

"ಅಪ್ಪ ಹೇಳ್ತಲ್ಲ ತಾತ, ತಿನ್ನದಿದ್ರೆ ಸತ್ತೋಯ್ತದೆ ಅಂತ!"

"ನಿಮ್ಮಪ್ಪನಿಗೆ ಕೊಬ್ಬರಿ ಗೊತ್ತು. ನಂಗೆ ಹೊಟ್ಟೆ ಗೊತ್ತು."

ಅವರೇನು ಕಟುಕರಲ್ಲ, ಪಾಪ. ಆ ಮೂರು ದಿನ ಬುಟ್ಟಿಯ ಪಕ್ಕ ಬಿಟ್ಟು ಕದಲಲಿಲ್ಲ. ಹೊಲಿಗೆಯ ಮೇಲೆ ನೊಣ ಕೂರದಂತೆ ಬೀಸಣಿಗೆ ಬೀಸಿದರು. ಶಿವಪೂಜೆ ಮುಗಿಸಿ ಬಂದವರೇ ಮೊಲದ ಹಣೆಗೂ ಒಂದು ಎಳೆ ವಿಭೂತಿ ಎಳೆದರು. ಮೊಲ ಕಿವಿ ಹಿಂದಕ್ಕೆ ಮಡಿಸಿ, ಬೆನ್ನು ಗೂನು ಮಾಡಿ, ಮೂಲೆ ನೋಡುತ್ತ ಕುಳಿತಿತ್ತು. ಬುಧವಾರ ಸಂಜೆ ನೀಲ ಬುಟ್ಟಿಯೊಳಗಿನ ಕಂಬಳಿ ಚೂರನ್ನು ಎತ್ತಿ ನೋಡಿದಳು. ಒಂದು ಹಿಕ್ಕೆಯೂ ಇರಲಿಲ್ಲ.

"ಎಲ್ಲಿ ಬತ್ತದೆ? ಒಳಗೇನೂ ಇಲ್ವಲ್ಲ," ಎಂದು ಪಂಡಿತರು ನಕ್ಕರು.

ಹೊತ್ತು ಮುಳುಗುವಾಗ ಬುಟ್ಟಿಯಿಂದ ಒಂದು ಸದ್ದು ಬರತೊಡಗಿತು. ಕಟ ಕಟ, ಕಟ ಕಟ. ಮೊಲ ಹಲ್ಲು ಕಡಿಯುತ್ತಿತ್ತು. ಒಳಗೆ ರಾಗಿ ಬೀಸುತ್ತಿದ್ದ ಅಜ್ಜಿ ಬಸವಲಿಂಗಮ್ಮ ಕಲ್ಲನ್ನು ಹಾಗೆಯೇ ನಿಲ್ಲಿಸಿ ಹೊರಗೆ ಬಂದರು. ಗಂಡನ ಎದುರು ಎತ್ತರದ ದನಿಯಲ್ಲಿ ಮಾತಾಡಿ ಅಭ್ಯಾಸವಿಲ್ಲದ ಹೆಂಗಸು. ಕಂಬಕ್ಕೆ ಒರಗಿ ಸ್ವಲ್ಪ ಹೊತ್ತು ಕೇಳಿದರು.

"ಏನ್ರೀ ಅದು?"

"ನಂಜು ಇಳೀತಾ ಅದೆ. ಒಳ್ಳೇದೇ."

"ಅವತ್ತೂ ಇಂಗೇ ಅಂದ್ರಿ," ಎಂದು ಬಸವಲಿಂಗಮ್ಮ ಒಳಗೆ ಹೋದರು. ಬೀಸುಕಲ್ಲಿನ ಸದ್ದು ಆಮೇಲೆ ಕೇಳಲಿಲ್ಲ. ಪಂಡಿತರು ಬುಟ್ಟಿಯ ಮುಚ್ಚಳ ಹಾಕಿ ಅದರ ಮೇಲೊಂದು ಮಣೆ ಇಟ್ಟರು. ನೀಲ ಕದ್ದು ಗರಿಕೆ ಹಾಕಿಯಾಳೆಂದು ಇಟ್ಟದ್ದು ಎಂದು ತಮಗೆ ತಾವೇ ಹೇಳಿಕೊಂಡರು.

ಶುಕ್ರವಾರ ಬೆಳಗ್ಗೆ ಲಂಘನ ಮುಗಿಯಿತು. ಪಂಡಿತರೇ ಹೊನಗೊನೆ ಸೊಪ್ಪಿನ ಎಳೆ ಕುಡಿ ಆರಿಸಿ ತಂದು ಮೊಲದ ಮುಂದೆ ಹಿಡಿದರು. ಮೊಲ ಮೂಸಲಿಲ್ಲ. ಹೊಟ್ಟೆ ಮುಟ್ಟಿ ನೋಡಿದರೆ ಕಾಯಿಸಿದ ತಮಟೆಯ ಹಾಗೆ ಬಿಗಿದಿತ್ತು. ಮೂರು ದಿನ ಏನೂ ತಿನ್ನದ ಹೊಟ್ಟೆ ಹೀಗೇಕೆ ಉಬ್ಬಿತು? ಡಾಕ್ಟರ ಮಾತು ಆಗ ನೆನಪಾಯಿತು. ಸೊಪ್ಪು ಅರೆದು, ರಸ ಹಿಂಡಿ, ಮಕ್ಕಳಿಗೆ ಔಷಧಿ ಹಾಕುವ ಒಳಲೆಯಲ್ಲಿ ಬಾಯಿಗೆ ಬಿಟ್ಟರು. ಹಸಿರು ರಸ ಗಲ್ಲದ ಬಿಳಿ ರೋಮದ ಮೇಲೆ ಇಳಿದು ಹೋಯಿತು. "ಕುಡಿಯೋ ನಮ್ಮಪ್ಪ, ಒಂದು ತೊಟ್ಟು ಕುಡಿಯೋ," ಎಂದು ಬೇಡಿಕೊಂಡರು. ಹೊತ್ತು ನೆತ್ತಿಗೇರುವುದರೊಳಗೆ ಮೊಲ ಒಮ್ಮೆ ಕಾಲು ಝಾಡಿಸಿ ಸುಮ್ಮನಾಯಿತು.

ನೀಲ ಅಳಲಿಲ್ಲ. ಮೊಲದ ಕಿವಿ ಸವರುತ್ತ ತಾತನನ್ನೇ ನೋಡಿದಳು.

"ಅದರ ಆಯಸ್ಸು ಅಷ್ಟೇ ಇತ್ತು ಮಗಾ," ಎಂದರು ಪಂಡಿತರು.

ಅಷ್ಟು ಹೇಳಿದ್ದೇ ತಪ್ಪಾಯಿತು. ಬಾಗಿಲಲ್ಲಿ ನಿಂತಿದ್ದ ಬಸವಲಿಂಗಮ್ಮನಿಗೆ ಏಳು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದೆಲ್ಲ ಬಾಯಿಗೆ ಬಂತು.

"ಆಯಸ್ಸಂತೆ ಆಯಸ್ಸು! ನನ್ನ ಮಗಳು ಸರ್ವಮಂಗಳೆ ನೀರು ಕೇಳಿದ್ಲು ಕಣ್ರೀ. ಬಾಣಂತಿ, ಮೈ ಸುಡ್ತಿತ್ತು, ಹಲ್ಲು ಕಟಕಟ ಅಂತಿತ್ತು. ಅವ್ವ ಒಂದು ಲೋಟ ನೀರು ಕೊಡವ್ವ ಅಂತ ನನ್ನ ಸೆರಗು ಹಿಡ್ಕಂಡ್ಲು. ನೀವು ಲಂಘನ ಅಂದ್ರಿ. ನಾನು ಮುಂಡೇದು, ನಿಮ್ಮ ಮಾತು ಮೀರದೆ ಸೆರಗು ಬಿಡಿಸ್ಕಂಡೆ. ಅವಳ ಆಯಸ್ಸೂ ಅಷ್ಟೇ ಇತ್ತಾ?"

ಪಂಡಿತರು ಮೊಲವನ್ನು ಕಂಬಳಿ ಚೂರಿನಲ್ಲಿ ಸುತ್ತತೊಡಗಿದರು. ಈ ಮಾತು ನೀಲಳ ಕಿವಿಗೂ ಬಿತ್ತಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಮೊಲವನ್ನು ಹಿತ್ತಲ ಕರಿಬೇವಿನ ಬುಡದಲ್ಲಿ ಹೂತರು.

ಆರು ದಿನ ಕಳೆಯಿತು. ಪಂಡಿತರು ಬಂದ ರೋಗಿಗಳನ್ನೆಲ್ಲ ನಾಳೆ ಬನ್ನಿ ಎಂದು ಸಾಗಹಾಕುತ್ತಿದ್ದರು. ಏಳನೆಯ ದಿನ ಮಧ್ಯಾಹ್ನ ನೀಲ ಎಲ್ಲೂ ಕಾಣಲಿಲ್ಲ. ಹುಡುಕಿದರೆ, ಒಳಕೋಣೆಯಲ್ಲಿ ತೆಂಗಿನಕಾಯಿ ರಾಶಿಯ ಹಿಂದೆ, ಆ ಧಗೆಯಲ್ಲೂ ಕಂಬಳಿ ಹೊದ್ದು ಕುಳಿತಿದ್ದಳು. ಪಕ್ಕದಲ್ಲಿ ಅರ್ಧ ರಾಗಿ ರೊಟ್ಟಿ, ಗರಿಕೆಯ ಒಂದು ಕಂತೆ, ಚಿಕ್ಕ ಚೊಂಬಿನಲ್ಲಿ ನೀರು. ಎಲ್ಲ ಬಚ್ಚಿಟ್ಟದ್ದು.

"ಇದ್ಯಾಕ್ ಮಗಾ ಇಲ್ಲಿ? ಎಲ್ಲಿ, ಕೈ ಕೊಡು," ಎಂದು ಪಂಡಿತರು ನಾಡಿ ನೋಡಲು ಕೈ ಚಾಚಿದರು.

ನೀಲ ಎರಡೂ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಕಣ್ಣು ಕೆಂಪಾಗಿತ್ತು, ತುಟಿ ಒಡೆದಿತ್ತು. "ನಂಗೇನೂ ಆಗಿಲ್ಲ ತಾತ. ಚೆನ್ನಾಗಿವ್ನಿ," ಎಂದು ನಕ್ಕು, ತಕ್ಷಣ ಬಾಯಿ ಮುಚ್ಚಿ ದವಡೆ ಬಿಗಿಹಿಡಿದಳು. ಚಳಿಗೆ ಹಲ್ಲು ಕಟಕಟ ಎನ್ನುವುದು ತಾತನಿಗೆ ಕೇಳಿಸಬಾರದು ಎಂದು.

ಪಂಡಿತರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. "ಲೇ, ಗಾಡಿ ಕಟ್ಟಿಸೇ! ಚನ್ನರಾಯಪಟ್ಟಣದ ಆಸ್ಪತ್ರೆಗೆ ಓಗ್ಬೇಕು," ಎಂದು ಹೆಂಡತಿಯನ್ನು ಕೂಗಿದರು. ತಾವೇ ಅಡುಗೆಮನೆಗೆ ಓಡಿ, ಲೋಟದ ತುಂಬ ನೀರು ತಂದು ಮೊಮ್ಮಗಳ ಬಾಯ ಬಳಿ ಹಿಡಿದರು. "ಕುಡಿ ನನ್ನವ್ವ. ಬೇಕಾದಷ್ಟು ಕುಡಿ."

ನೀಲ ಲೋಟ ಮುಟ್ಟಲಿಲ್ಲ. ಬಾಗಿಲಿಗೆ ಬಂದು ನಿಂತ ಅಜ್ಜಿಯ ಮುಖ ನೋಡಿದಳು. ಅಜ್ಜಿ ಹತ್ತಿರ ಬಂದು, ಗಂಡನ ಕೈಯಿಂದ ಲೋಟ ತೆಗೆದುಕೊಂಡು, ತಾವೊಂದು ಗುಟುಕು ಕುಡಿದು ತೋರಿಸಿದ ಮೇಲೆ ಕುಡಿದಳು.